ಎರಡು ಓಎಸ್ ಇರೋ ಕಂಪ್ಯೂಟರ್ ಶುರು ಆಗ್ತಿಲ್ವಾ? ‘ಫಾರ್ಮ್ಯಾಟ್ ಹೊಡೀರಿ’ ಅನ್ನೋ ಮುಂಚೆ ಇದನ್ನ ನೋಡಿ

ಗೋಕಾಕ: ಮುಂಜಾನೆ ಅಂಗಡಿ ಬಾಗಿಲು ತೆಗೆದು, ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ, ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆ. ಮೂಲೆಯಲ್ಲಿ ‘ಗ್ರಬ್ ರೆಸ್ಕ್ಯೂ’ ಅಂತ ಒಂದೇ ಸಾಲು. ವಿಂಡೋಸ್ ಇಲ್ಲ, ಟ್ಯಾಲಿ ಇಲ್ಲ, ಹೋದ ವರ್ಷದ ಬಿಲ್ಲುಗಳೂ ಕಾಣಲ್ಲ. ತಿಂಗಳ 20ನೇ ತಾರೀಖು ಹತ್ತಿರ ಬಂದಿದೆ, ಜಿಎಸ್‌ಟಿಆರ್-3ಬಿ ತುಂಬಬೇಕು. ಬಾಜೂ ಅಂಗಡಿ ಹುಡುಗ ಬಂದು ನೋಡಿ, ‘ಅಣ್ಣಾ, ಹಾರ್ಡ್ ಡಿಸ್ಕ್ ಹೋಗೇತಿ, ಫಾರ್ಮ್ಯಾಟ್ ಹೊಡೀಬೇಕು’ ಅಂತಾನೆ.

ತಡೀರಿ. ಇಂಥ ಹೊತ್ತಿನಲ್ಲಿ ಬಹಳ ಸಲ ಹಾರ್ಡ್ ಡಿಸ್ಕ್‌ಗೆ ಏನೂ ಆಗಿರುವುದಿಲ್ಲ. ಒಳಗಿನ ಲೆಕ್ಕಪತ್ರ, ಫೋಟೋ, ಡಿಟಿಪಿ ಫೈಲು ಎಲ್ಲವೂ ಇದ್ದಲ್ಲೇ ಇರುತ್ತವೆ. ತಪ್ಪಿರೋದು ಅಲ್ಲಿಗೆ ಹೋಗುವ ದಾರಿ ಮಾತ್ರ. ಅವಸರಕ್ಕೆ ಫಾರ್ಮ್ಯಾಟ್ ಹೊಡೆದರೆ ದಾರಿಯ ಜೊತೆ ಮನೆಯೂ ಹೋಗುತ್ತೆ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಅಂಗಡಿಗಳಲ್ಲಿ ಒಂದೇ ಕಂಪ್ಯೂಟರಿಗೆ ಎರಡು ಓಎಸ್ ಯಾಕೆ ಬೇಕು ಅಂತ ಕೇಳಬಹುದು. ಕಾರಣ ಸರಳ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚು ಕಡಿಮೆ 8ನೇ ತಲೆಮಾರಿನ ನಂತರದ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೇ ಮಷಿನ್ ಇದ್ದವರು ಇಂಟರ್‌ನೆಟ್ ಕೆಲಸಕ್ಕೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿಕೊಳ್ಳುತ್ತಾರೆ. ಆದರೆ ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ವರ್ಷಗಟ್ಟಲೆ ಟೈಪ್ ಮಾಡಿಟ್ಟ ಲಗ್ನಪತ್ರಿಕೆ, ಬಾಂಡ್ ಪೇಪರಿನ ಮಾದರಿಗಳೂ ಅಲ್ಲೇ ಇವೆ. ಲಿನಕ್ಸ್‌ನಲ್ಲಿ ಕಗಪ ಕೀಲಿಮಣೆ ಸಿಗುತ್ತೆ, ಯೂನಿಕೋಡ್ ಕನ್ನಡ ಚೆನ್ನಾಗೇ ಬರುತ್ತೆ. ಹಳೇ ನುಡಿ ಫಾಂಟಿನ ಫೈಲು ಮಾತ್ರ ಆ ಫಾಂಟ್ ಇಲ್ಲದ ಕಡೆ ತೆರೆದರೆ ಏನೇನೋ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ. ಹೀಗಾಗಿ ಎರಡೂ ಇರಲಿ ಅಂತ.

ಸ್ವಿಚ್ ಒತ್ತಿದ ಮೇಲೆ ಏನಾಗುತ್ತೆ ಅಂತ ತಿಳಿದರೆ ಅರ್ಧ ಭಯ ಹೋಗುತ್ತೆ. ಸುಮಾರು ಹತ್ತು ವರ್ಷದಿಂದ ಈಚಿನ ಕಂಪ್ಯೂಟರುಗಳಲ್ಲಿ ಮದರ್‌ಬೋರ್ಡ್‌ನಲ್ಲಿ ಯುಇಎಫ್‌ಐ ಅನ್ನೋ ಚಿಕ್ಕ ಪ್ರೋಗ್ರಾಂ ಮೊದಲು ಎದ್ದೇಳುತ್ತದೆ. ಅದು ಡಿಸ್ಕಿನ ಇಎಫ್‌ಐ ಅನ್ನೋ ಸಣ್ಣ ಭಾಗದಲ್ಲಿ ಹುಡುಕುತ್ತದೆ. ಅಲ್ಲಿ ವಿಂಡೋಸ್‌ಗೆ ಒಂದು ಫೋಲ್ಡರ್, ಉಬುಂಟುಗೆ ಒಂದು ಫೋಲ್ಡರ್. ಯಾವುದನ್ನ ಮೊದಲು ಕರೀಬೇಕು ಅನ್ನೋ ಪಟ್ಟಿ ಮದರ್‌ಬೋರ್ಡ್‌ನಲ್ಲಿ ಬರೆದಿರುತ್ತದೆ. ಉಬುಂಟು ಮೊದಲಿದ್ದರೆ ಗ್ರಬ್ ಬಂದು ‘ಯಾವುದು ಬೇಕು’ ಅಂತ ಮೆನು ತೋರಿಸುತ್ತದೆ. ವಿಂಡೋಸ್ ಮೊದಲಿದ್ದರೆ ಮೆನು ಬರದೆ ನೇರ ವಿಂಡೋಸ್.

ಅದಕ್ಕೇ ಮೊದಲ ಪರೀಕ್ಷೆಗೆ ಒಂದು ರೂಪಾಯಿಯೂ ಬೇಡ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀಲಿ ಒತ್ತಬೇಕು. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಬರುವ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಕಂಡರೆ ಅದನ್ನ ಆರಿಸಿ ಎಂಟರ್ ಒತ್ತಿ. ವಿಂಡೋಸ್ ತೆರೆಯಿತಾ? ಹಾಗಾದರೆ ಡಿಸ್ಕ್ ಹೋಗಿಲ್ಲ, ಫಾರ್ಮ್ಯಾಟ್ ಮಾತೇ ಬೇಡ. ಮೊದಲು ಟ್ಯಾಲಿ ಡೇಟಾವನ್ನ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಉಳಿದದ್ದು ಆಮೇಲೆ.

‘ಗ್ರಬ್ ರೆಸ್ಕ್ಯೂ’ ಬರೋದಕ್ಕೆ ಪದೇ ಪದೇ ಕಾಣುವ ಕಾರಣ ಒಂದಿದೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ಲಿನಕ್ಸ್ ಇರುವ ಭಾಗಕ್ಕೆ ಡ್ರೈವ್ ಅಕ್ಷರ ಇರಲ್ಲ, ಹೆಸರೂ ಇರಲ್ಲ. ‘ಇದೇನೋ ಖಾಲಿ ಜಾಗ’ ಅಂದ್ಕೊಂಡು ಯಾರೋ ಅಳಿಸಿಬಿಡುತ್ತಾರೆ. ಗ್ರಬ್‌ನ ಮೊದಲ ತುಂಡು ಇಎಫ್‌ಐ ಭಾಗದಲ್ಲಿ ಉಳಿದು, ಮಿಕ್ಕಿದ್ದು ಅಳಿಸಿಹೋದ ಭಾಗದಲ್ಲಿ ಇದ್ದದ್ದರಿಂದ ಅರ್ಧದಲ್ಲೇ ನಿಲ್ಲುತ್ತದೆ. ಆಗ ವಿಂಡೋಸ್‌ನ್ನು ಪಟ್ಟಿಯಲ್ಲಿ ಮೇಲೆ ತಂದರೆ ಅದು ಮೊದಲಿನಂತೆ ನಡೆಯುತ್ತೆ. ಲಿನಕ್ಸ್ ಅಳಿಸಿಲ್ಲ, ಗ್ರಬ್ ಮಾತ್ರ ಕೆಟ್ಟಿದೆ ಅಂದರೆ ಲಿನಕ್ಸ್ ಮಿಂಟ್ ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ, ಅದರಲ್ಲೇ ಇರುವ ‘ಬೂಟ್ ರಿಪೇರ್’ ಓಡಿಸಬಹುದು. ಮೆನು ಬರುತ್ತೆ, ಆದರೆ ಅದರಲ್ಲಿ ವಿಂಡೋಸ್ ಹೆಸರಿಲ್ಲ ಅನ್ನೋದು ಬೇರೆ ತಕರಾರು. 2021ರ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವ ‘ಓಎಸ್-ಪ್ರೋಬರ್’ ತಾನಾಗೇ ಓಡಲ್ಲ. ಗ್ರಬ್ ಸೆಟ್ಟಿಂಗ್‌ನಲ್ಲಿ ಅದನ್ನ ಆನ್ ಮಾಡಿ ಅಪ್‌ಡೇಟ್-ಗ್ರಬ್ ಕೊಟ್ಟರೆ ಹೆಸರು ವಾಪಸ್ ಬರುತ್ತೆ.

ಅಪ್‌ಡೇಟ್ ಆದ ಮರುದಿನ

2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಜಗತ್ತಿನ ಬಹಳ ಕಡೆ ಎರಡು ಓಎಸ್‌ನವರನ್ನ ಪೇಚಿಗೆ ಸಿಕ್ಕಿಸಿತ್ತು. ಹಳೇ ಗ್ರಬ್‌ನಲ್ಲಿದ್ದ ಭದ್ರತಾ ದೋಷ ತಡೆಯಲು, ಇಂತಿಷ್ಟು ಹಳೆಯ ಬೂಟ್ ಲೋಡರ್ ನಡೆಯಕೂಡದು ಅನ್ನೋ ನಿಯಮವನ್ನ ಆ ಅಪ್‌ಡೇಟ್ ಹೊತ್ತು ತಂದಿತ್ತು. ಎರಡು ಓಎಸ್ ಇರುವ ಮಷಿನ್‌ಗೆ ಇದು ತಾಗಲ್ಲ ಅಂತ ಕಂಪನಿ ಹೇಳಿದ್ದರೂ ಕೆಲವು ಮಷಿನ್‌ಗಳಲ್ಲಿ ಲಿನಕ್ಸ್ ಇರೋದೇ ಅದಕ್ಕೆ ಗೊತ್ತಾಗಲಿಲ್ಲ. ‘ಎಸ್‌ಬಿಎಟಿ’ ಹೆಸರಿರುವ ದೋಷದ ಜೊತೆ ‘ಸೆಕ್ಯುರಿಟಿ ಪಾಲಿಸಿ ವಯಲೇಶನ್’ ಅಂತ ಬಂದು ಲಿನಕ್ಸ್ ನಿಂತುಹೋಯಿತು. ಪೂರ್ತಿ ಸರಿಯಾದದ್ದು 2025ರ ಮೇ ತಿಂಗಳ ಅಪ್‌ಡೇಟ್‌ನಲ್ಲಿ. ಅಪ್‌ಡೇಟ್ ಮಾಡದೆ ಮೂಲೆಗಿಟ್ಟ ಮಷಿನ್‌ನಲ್ಲಿ ಈಗಲೂ ಈ ಸಾಲು ಕಂಡರೆ, ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಬಂದ್ ಮಾಡಿ, ಲಿನಕ್ಸ್ ತೆರೆದು, ಆ ನಿಯಮ ತೆಗೆದು ಹಾಕಿ, ಲಿನಕ್ಸ್ ಅಪ್‌ಡೇಟ್ ಮಾಡಿ, ಮತ್ತೆ ಸೆಕ್ಯೂರ್ ಬೂಟ್ ಹಚ್ಚಬೇಕು.

ಇಲ್ಲೊಂದು ಗುಂಡಿ ಇದೆ, ಇದರಲ್ಲಿ ಬಿದ್ದವರು ಏಳೋದು ಕಷ್ಟ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ತರಹದ ಬೀಗ ಮಾಲೀಕರಿಗೆ ಗೊತ್ತಿಲ್ಲದೇನೇ ಹಾಕಿರಬಹುದು. ಸೆಕ್ಯೂರ್ ಬೂಟ್ ಮುಟ್ಟಿದ ಕೂಡಲೇ ‘ಬೇರೆ ಯಾರೋ ಕೈ ಹಾಕಿದ್ದಾರೆ’ ಅಂತ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತೆ, ಮೊಬೈಲ್‌ನಿಂದ ಲಾಗಿನ್ ಆಗಿ ನೋಡಬಹುದು. ಆದರೆ ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿ ಹುಡುಗನೇ ಯಾವುದೋ ಇಮೇಲ್ ಹಾಕಿ ಚಾಲೂ ಮಾಡಿಕೊಟ್ಟಿದ್ದರೆ? ಆ ಇಮೇಲ್ ಸಿಗದಿದ್ದರೆ ಒಳಗಿನ ಡೇಟಾವನ್ನ ಯಾವ ಮೆಕ್ಯಾನಿಕ್ಕೂ ತೆಗೆಯಲಾರ, ಬೆಳಗಾವಿಗೆ ಹೊತ್ತು ಹೋದರೂ ಅಷ್ಟೇ. ಮಷಿನ್ ಸರಿ ಇರುವಾಗಲೇ ಕೀ ತೆಗೆದು ಕಾಗದದ ಮೇಲೆ ಬರೆದು, ಅಂಗಡಿ ಲೈಸೆನ್ಸ್ ಇಡುವ ಫೈಲಿನಲ್ಲಿ ಇಡಿ.

ಐದೂವರೆ ತಾಸಿನ ಗಡಿಯಾರ

ಲಿನಕ್ಸ್‌ನಲ್ಲಿ ಕೆಲಸ ಮಾಡಿ ವಿಂಡೋಸ್‌ಗೆ ಬಂದರೆ ಗಡಿಯಾರ ಸರಿಯಾಗಿ 5 ತಾಸು 30 ನಿಮಿಷ ಹಿಂದೆ ಇದ್ದರೆ ವೈರಸ್ ಅಂತ ಹೆದರಬೇಡಿ. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಯುಟಿಸಿ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಊರ ಸಮಯ ಅಂತ ಓದುತ್ತದೆ. ಸಣ್ಣ ವಿಷಯ ಅನ್ನಿಸುತ್ತೆ. ಆದರೆ ಮುಂಜಾನೆ 5 ಗಂಟೆಗೆ ಬಾಗಿಲು ತೆಗೆಯುವ ಹಾಲಿನ ಅಂಗಡಿಯಲ್ಲಿ ಕಂಪ್ಯೂಟರ್ ನಿನ್ನೆ ರಾತ್ರಿ 11.30 ಅಂತ ತೋರಿಸುತ್ತೆ, ಬಿಲ್ಲಿನ ಮೇಲೆ ನಿನ್ನೆಯ ತಾರೀಖು ಬೀಳುತ್ತೆ. ತಿಂಗಳ ಮೊದಲ ದಿನ ಆದರಂತೂ ಲೆಕ್ಕ ಹಿಂದಿನ ತಿಂಗಳಿಗೇ ಹೋಯಿತು. ಊರ ಸಮಯವನ್ನೇ ಬರೆದಿಡು ಅಂತ ಲಿನಕ್ಸ್‌ಗೆ ಟರ್ಮಿನಲ್‌ನಲ್ಲಿ ಒಂದು ಸಾಲು ಹೇಳಿದರೆ ಮುಗೀತು.

ತಾಸುಗಳಲ್ಲ, ವರ್ಷವೇ ಹಿಂದೆ ಹೋಗಿದ್ದರೆ ಅದು ಬೇರೆ. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಸತ್ತಿದೆ. ಸೆಲ್ ಜೊತೆ ಬೂಟ್ ಸೆಟ್ಟಿಂಗ್ ಕೂಡ ಕಂಪನಿಯಿಂದ ಬಂದ ಸ್ಥಿತಿಗೆ ಮರಳಬಹುದು, ಹಾಗಾದಾಗ ಚೆನ್ನಾಗಿದ್ದ ಮಷಿನ್ ‘ಬೂಟ್ ಡಿವೈಸ್ ಇಲ್ಲ’ ಅನ್ನುತ್ತೆ. ಕರೆಂಟ್ ಹೋಗಿ ಬಂದ ಮೇಲೆಯೇ ಈ ತ್ರಾಸು ಶುರುವಾದರೆ ಮೊದಲು ಸೆಲ್ ಬದಲಿಸಿ ನೋಡಿ, ಅದರ ಬೆಲೆ ಒಂದು ಊಟದಷ್ಟೂ ಇಲ್ಲ.

ಲಿನಕ್ಸ್‌ನಿಂದ ಡಿ ಡ್ರೈವ್ ತೆರೆಯುತ್ತೆ, ಆದರೆ ಫೈಲ್ ಸೇವ್ ಆಗಲ್ಲ ಅನ್ನೋದಕ್ಕೆ ಕಾರಣ ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’. ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಮಲಗಲ್ಲ, ಅರ್ಧ ಕಣ್ಣು ತೆರೆದೇ ಇರುತ್ತೆ. ಅಂಥ ಡ್ರೈವ್‌ಗೆ ಜಬರದಸ್ತಿ ಬರೆದರೆ ಫೈಲ್ ಕೆಡುತ್ತವೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅದರ ಟಿಕ್ ತೆಗೆಯಿರಿ.

ಇಷ್ಟೆಲ್ಲ ಮಾಡಿಯೂ ಆಗದೆ ರಿಪೇರಿಗೆ ಕೊಡೋದೇ ಆದರೆ, ಮೊದಲು ಲಿನಕ್ಸ್ ಪೆನ್‌ಡ್ರೈವ್‌ನಿಂದ ಶುರು ಮಾಡಿ ‘ಟ್ರೈ’ ಆರಿಸಿ. ‘ಇನ್‌ಸ್ಟಾಲ್’ ಒತ್ತಬಾರದು. ಬೀಗ ಇಲ್ಲದ ಡಿಸ್ಕ್ ಆದರೆ ಫೈಲ್‌ಗಳು ಕಾಣುತ್ತವೆ, ಬೇರೊಂದು ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಬಹುದು. ಮೆಕ್ಯಾನಿಕ್‌ಗೆ ಕೊಡುವಾಗ ‘ಇದರಾಗ ಎರಡು ಓಎಸ್ ಅದಾವ, ನನ್ನ ಕೇಳದೆ ಫಾರ್ಮ್ಯಾಟ್ ಮಾಡಬ್ಯಾಡ್ರಿ’ ಅಂತ ಚೀಟಿ ಬರೆದು ಸಿಪಿಯು ಮೇಲೇ ಅಂಟಿಸಿ. ಬಾಯಲ್ಲಿ ಹೇಳಿದ್ದು ಸಂಜೆಗೆ ಮರೆತಿರುತ್ತಾರೆ.