ಹುಟ್ಟು ಹಿಡಿದ ಕೈಗಳು

ಮೆಹಕರದಿಂದ ಔರಾದಿನವರೆಗಿನ ಮಾಂಜ್ರಾ ನದಿಯ ಸೀಮೆಯವರಾದ ನಮಗೆ ದೋಣಿಯೆಂದರೆ ಮೀನುಗಾರನ ಜೀವನೋಪಾಯ. ಅದು ಸ್ಪರ್ಧೆಯ ವಾಹನವೂ ಆಗಬಲ್ಲುದೆಂಬುದೂ, ಕಾಲು ಕಳೆದುಕೊಂಡವರು ಅದರಲ್ಲಿ ಕುಳಿತು ದೇಶಕ್ಕೆ ಪದಕ ತರಬಲ್ಲರೆಂಬುದೂ ನಮ್ಮ ಕಟ್ಟೆಮಾತಿಗೆ ಇನ್ನೂ ಬಂದಿಲ್ಲ. ಪ್ಯಾರಾ ರೋಯಿಂಗ್ ಎಂಬ ಈ ಕ್ರೀಡೆಯ ಪರಿಚಯ ನಮ್ಮ ತರುಣರಿಗೆ ಆಗಲೇಬೇಕು.

2008ರ ಬೀಜಿಂಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಪ್ರಥಮವಾಗಿ ಸ್ಥಾನ ಪಡೆದ ಈ ಸ್ಪರ್ಧೆಯ ದೂರ ಮೊದಲು 1000 ಮೀಟರ್ ಇದ್ದದ್ದು, 2017ರಿಂದ ಉಳಿದ ರೋಯಿಂಗ್ ಪಟುಗಳಿಗಿರುವಂತೆಯೇ 2000 ಮೀಟರ್ ಆಯಿತು. ಸ್ಪರ್ಧಿಗಳಲ್ಲಿ ಮೂರು ವರ್ಗಗಳಿವೆ. ತೋಳು, ಹೆಗಲುಗಳ ಬಲವೊಂದನ್ನೇ ನೆಚ್ಚಿದವರು ಪಿಆರ್‌1 ವರ್ಗ. ಮುಂಡವನ್ನೂ ಬಾಗಿಸಬಲ್ಲವರು ಪಿಆರ್‌2. ಕಾಲಿನಿಂದಲೂ ಒತ್ತಬಲ್ಲವರು ಪಿಆರ್‌3. ಮೊದಲೆರಡು ವರ್ಗದವರ ಪೀಠ ದೋಣಿಗೆ ಬಿಗಿದದ್ದು, ಮೂರನೆಯವರದು ಹಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವಂಥದು. ಪಿಆರ್‌1ರ ಒಂಟಿ ದೋಣಿ ಮಗುಚದಂತೆ ಇಕ್ಕೆಲದಲ್ಲಿಯೂ ತೇಲುಬುರುಡೆಗಳಿರುತ್ತವೆ. ಕುಳಿತವರ ಎದೆಯನ್ನು ಪಟ್ಟಿಯೊಂದು ಪೀಠಕ್ಕೆ ಬಿಗಿದು ಹಿಡಿದಿರುತ್ತದೆ. ಅಕಸ್ಮಾತ್ ದೋಣಿ ಮಗುಚಿದರೆ ಆ ಪಟ್ಟಿ ಒಂದೇ ಕೈಯ ಒಂದೇ ಸೆಳೆತಕ್ಕೆ ಕಳಚಿಕೊಳ್ಳಬೇಕೆಂಬುದು ಕಟ್ಟುನಿಟ್ಟಿನ ನಿಯಮ.

ಭಾರತದಲ್ಲಿ ಈ ದಾರಿಯನ್ನು ತೆರೆದವರ ಪೈಕಿ ಇಬ್ಬರು ಮುಖ್ಯರು. ಆಂಧ್ರದ ನಂದ್ಯಾಲ ಸೀಮೆಯ ಸೈನಿಕ ನಾರಾಯಣ ಕೊಂಗನಪಲ್ಲೆಯವರು 2015ರಲ್ಲಿ ಜಮ್ಮು ಕಾಶ್ಮೀರದ ನೆಲಬಾಂಬಿಗೆ ಎಡಗಾಲನ್ನು ಕಳೆದುಕೊಂಡರು. ರಾಜಸ್ಥಾನದ ಅನಿತಾ ಅವರು ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡರು. ಇಬ್ಬರಿಗೂ ಹುಟ್ಟು ಕೈಗೆ ಬಂದದ್ದು ಪುಣೆಯಲ್ಲಿ. ಅಲ್ಲಿ ಸೇನೆಯ ಕೃತಕ ಅಂಗ ಕೇಂದ್ರವೂ, ಸೇನೆಯ ರೋಯಿಂಗ್ ಶಿಬಿರವೂ ಒಂದೇ ಊರಿನಲ್ಲಿವೆ. ಹೊಸ ಕಾಲಿನ ಅಳತೆಗೆಂದು ಹೋದವರನ್ನು ದೋಣಿಯವರೆಗೆ ಕರೆದೊಯ್ದದ್ದು ಈ ಸಾಮೀಪ್ಯವೇ ಎಂದು ನನ್ನ ಭಾವನೆ. ಧೈರ್ಯವು ಅನೇಕರಲ್ಲಿದೆ, ಈ ಎರಡು ಮನೆಗಳ ನೆರೆತನ ಎಲ್ಲೆಡೆಯೂ ಇಲ್ಲ. ಜೊತೆಗೂಡಿ ಒಂದೇ ದೋಣಿಯಲ್ಲಿ ಕುಳಿತ ಇವರು 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಪಿಆರ್‌3 ಮಿಶ್ರ ಜೋಡಿಯಲ್ಲಿ ಬೆಳ್ಳಿಯನ್ನು ಗೆದ್ದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಒಟ್ಟಾರೆ ಎಂಟನೆಯವರಾದರು. ಪ್ಯಾರಾಲಿಂಪಿಕ್ಸ್‌ಗೆ ಆ ಜೋಡಿಸ್ಪರ್ಧೆ ಬಂದದ್ದೇ ಆ ವರ್ಷ.

ನಮ್ಮಲ್ಲಿ ನೀರಿಗೇನೂ ಕೊರತೆಯಿಲ್ಲ. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯ ಕಣ್ಣು ಹಾಯುವವರೆಗೂ ಹಬ್ಬಿದೆ. ಅಪಘಾತದಲ್ಲಿಯೋ ರೋಗದಿಂದಲೋ ಅಂಗ ಕಳೆದುಕೊಂಡು, ಪಿಂಚಣಿಯ ಅರ್ಜಿಯ ಹೊರತು ಬೇರೆ ದಾರಿಯನ್ನೇ ಯಾರೂ ತೋರಿಸದ ತರುಣರೂ ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಇಂಥವರಿಗೆ ಆರಂಭದಲ್ಲಿ ದುಬಾರಿ ದೋಣಿಯೇ ಬೇಕೆಂದಿಲ್ಲ. ಹಗ್ಗದ ಹಿಡಿಯನ್ನೆಳೆದು ಗಾಳಿಚಕ್ರವನ್ನು ತಿರುಗಿಸುವ ರೋಯಿಂಗ್ ಯಂತ್ರವೊಂದು, ಅದಕ್ಕೆ ಜೋಡಿಸಿದ ಸ್ಥಿರ ಪೀಠ, ವ್ಯಾಯಾಮಶಾಲೆಯ ಒಂದು ಮೂಲೆ, ಎಳೆತದ ಲಯ ತಿದ್ದಬಲ್ಲ ಒಬ್ಬ ಗುರು, ಇವಿಷ್ಟು ಸಾಕು. ಆ ಯಂತ್ರದ ಮೇಲೆಯೇ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್ ನಡೆಯುತ್ತದೆ. ಪ್ಯಾರಾ ವರ್ಗದವರಿಗೂ ಅದರಲ್ಲಿ ಸ್ಪರ್ಧೆಗಳಿವೆ.