ಕೈಚಳಕವೆಂದರೂ ಒಪ್ಪದ ಗೆಳೆಯ

ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಚೀಟಿಯ ಮೇಲೆ ನಾಲ್ಕು ಪದ ಗೀಚಿದ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಚೀಟಿ ಮಡಿಸಿ ಜೇಬಿಗೆ ಸೇರಿಸಿ, ಜಾದೂಗಾರ ಹ್ಯಾರಿ ಹೂಡಿನಿಯ ಮನೆಗೆ ಮರಳಿದ. ಅಲ್ಲಿ ತೂಗುಹಾಕಿದ್ದ ಸ್ಲೇಟಿಗೆ ಬಿಳಿ ಶಾಯಿಯಲ್ಲಿ ನೆಂದ ಬೆಂಡಿನ ಗೋಲಿಯೊಂದು ಅಂಟಿಕೊಂಡು, ತಾನಾಗಿ ಉರುಳುತ್ತ ಅವೇ ಪದಗಳನ್ನು ಬರೆಯಿತು. ಬೈಬಲಿನ ಕತೆಯಲ್ಲಿ ಅದೃಶ್ಯ ಕೈಯೊಂದು ಅರಮನೆಯ ಗೋಡೆಯ ಮೇಲೆ ಬರೆದ ಪದಗಳವು. ಇದು 1922ರ ಮಾತು.

ಹೂಡಿನಿ ಕೂಡಲೇ ಹೇಳಿದ: ಇದು ಬರೀ ತಂತ್ರ, ಅತೀಂದ್ರಿಯ ಶಕ್ತಿಯಲ್ಲ. ಹೇಗೆ ಮಾಡಿದೆನೆಂದು ಮಾತ್ರ ಹೇಳಲಿಲ್ಲ. ಡಾಯ್ಲ್ ಒಪ್ಪಲೇ ಇಲ್ಲ.

ಮನಸ್ಸು ಓದುವ ಆಟ ಆಡುವವರು ‘ನನಗೆ ಯಾವ ಶಕ್ತಿಯೂ ಇಲ್ಲ’ ಎಂದು ಹೇಳಿಬಿಟ್ಟರೆ ಸಾಕೇ? ಈ ಪ್ರಶ್ನೆಗೆ ಹೂಡಿನಿಯ ಬದುಕಿನಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ.

‘ಇದು ಶಕ್ತಿಯಲ್ಲ’ ಎಂದು ಹೇಳಿಬಿಡಬೇಕೆನ್ನುವ ಅಳುಕು ಹೂಡಿನಿಗೆ ಮೊದಲಿನಿಂದ ಇದ್ದದ್ದಲ್ಲ. 1898ರ ಸುಮಾರಿಗೆ, ಹೊಟ್ಟೆಪಾಡಿಗಾಗಿ, ಔಷಧಿ ಮಾರುವ ತಂಡವೊಂದರ ಜೊತೆ ಕ್ಯಾನ್ಸಸ್‌ನ ಊರುಗಳನ್ನು ಸುತ್ತುವಾಗ ಸತ್ತವರೊಂದಿಗೆ ಮಾತಾಡುವ ನಾಟಕ ಕಟ್ಟಿದ್ದ. ಮೊದಲು ಸ್ಮಶಾನಕ್ಕೆ ಹೋಗಿ ಗೋರಿಕಲ್ಲುಗಳ ಮೇಲಿನ ಹೆಸರು, ಇಸವಿ ಓದಿಕೊಳ್ಳುವುದು. ಊರಿನ ಹಳಬರ ಬಾಯಿಂದ ಸಂಸಾರದ ಸಂಗತಿ ಹೆಕ್ಕುವುದು. ಸಂಜೆ ವೇದಿಕೆಯ ಮೇಲೆ ಅವನ್ನೇ ‘ಆತ್ಮ’ಗಳ ಮಾತಾಗಿ ಒಪ್ಪಿಸುವುದು. ಅಮೆರಿಕದಲ್ಲಿ ಸತ್ತವರೊಂದಿಗೆ ಮಾತಾಡುವ ಈ ಗೀಳು ಹುಟ್ಟುಹಾಕಿದ್ದು 1848ರಲ್ಲಿ ಫಾಕ್ಸ್ ಸೋದರಿಯರು ಪ್ರೇತದ್ದೆಂದು ಕೇಳಿಸಿದ ಟಕಟಕ ಸದ್ದು. 1888ರಲ್ಲಿ ಅವರಲ್ಲೊಬ್ಬಳಾದ ಮಾರ್ಗರೆಟ್, ಅದು ಕಾಲ್ಬೆರಳ ಗಂಟಿನ ನಟಿಕೆಯೆಂದು ನ್ಯೂಯಾರ್ಕಿನ ಸಭೆಯೆದುರು ಮಾಡಿ ತೋರಿಸಿದಳು. ನಂಬಿದವರು ಕದಲಲಿಲ್ಲ.

1913ರಲ್ಲಿ ಹೂಡಿನಿಯ ತಾಯಿ ತೀರಿಕೊಂಡಳು. 1922ರ ಜೂನ್‌ನಲ್ಲಿ ಅಟ್ಲಾಂಟಿಕ್ ಸಿಟಿಯ ಹೋಟೆಲ್ ಕೋಣೆಯಲ್ಲಿ, ಡಾಯ್ಲ್‌ನ ಹೆಂಡತಿ ಹೂಡಿನಿಯೆದುರು ಕೂತು, ಆ ತಾಯಿಯ ಆತ್ಮವೇ ಬರೆಸುತ್ತಿದೆಯೆಂದು ಪುಟಗಟ್ಟಲೆ ಬರೆದಳು. ಮೇಲ್ಗಡೆ ಶಿಲುಬೆ, ಕೆಳಗೆಲ್ಲ ಇಂಗ್ಲಿಷ್. ತಾಯಿಯೋ ಯಹೂದಿ ರಬ್ಬಿಯ ಹೆಂಡತಿ, ಇಂಗ್ಲಿಷ್ ಬಾರದವಳು. ಒಂದು ಕಾಲಕ್ಕೆ ತಾನು ಯಾರನ್ನು ಮುಂದೆ ಕೂರಿಸಿಕೊಂಡಿದ್ದನೋ ಅವರ ಜಾಗದಲ್ಲಿ ಈಗ ಅವನೇ ಕೂತಿದ್ದ. ಜನರ ದುಃಖದ ಜೊತೆ ತಾನು ಆಡಿದ್ದು ಚೆಲ್ಲಾಟವೆಂದು 1924ರ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡ. 1926ರಲ್ಲಿ ಕಣಿ ಹೇಳಿ ಕಾಸು ಕೀಳುವುದರ ವಿರುದ್ಧ ವಾಷಿಂಗ್ಟನ್‌ನಲ್ಲಿ ಸಾಕ್ಷಿ ನುಡಿದ.

ಆದರೂ ಸ್ಲೇಟಿನ ಲೆಕ್ಕ ಚುಕ್ತಾ ಆಗಲಿಲ್ಲ. ‘ತಂತ್ರ’ ಎಂದವನು ತಂತ್ರವನ್ನು ಬಿಚ್ಚದಿದ್ದರೆ, ಕೇಳುವವನಿಗೆ ಉಳಿಯುವುದು ಬರೀ ಅವನ ಮಾತು. ಅದನ್ನೂ ನಂಬಬೇಕು. ಪ್ರೇತದೊಡನೆ ಮಾತಾಡುತ್ತೇನೆ ಎನ್ನುವವನು ಕೇಳುವುದೂ ಅದನ್ನೇ. ಗುಟ್ಟು ಕಾಯುವುದು ಜಾದೂಗಾರನ ಕಸುಬಿನ ಧರ್ಮ, ನಿಜ. ಆದರೆ ಗುಟ್ಟು ಬಿಡಲಾರದವನು, ನಂಬಲು ಕಾದು ಕೂತವನೆದುರು ಯಾವ ಆಟ ಆಡಬೇಕು, ಯಾವುದನ್ನು ಆಡಬಾರದು ಎಂದು ಮೊದಲೇ ಯೋಚಿಸಬೇಕು. ಆಡಿದ ಮೇಲೆ ಹೇಳುವ ‘ಇಲ್ಲ’ ನಂಬಲು ಕೂತವನಿಗೆ ವಿನಯವಾಗಿ ಕೇಳಿಸುತ್ತದೆ.

1926ರಲ್ಲಿ ಹೂಡಿನಿ ಸತ್ತ. 1930ರಲ್ಲಿ ಡಾಯ್ಲ್ ತನ್ನ ಪುಸ್ತಕದಲ್ಲಿ, ಹೂಡಿನಿಗೆ ನಿಜವಾಗಿಯೂ ಅತೀಂದ್ರಿಯ ಶಕ್ತಿಯಿತ್ತೆಂದು ವಾದಿಸಿದ. ಅಲ್ಲವೆನ್ನಲು ಹೂಡಿನಿ ಇರಲಿಲ್ಲ. ಇದ್ದಾಗ ಅಂದದ್ದಕ್ಕೂ ಬೆಲೆ ಸಿಕ್ಕಿರಲಿಲ್ಲ.