ಕದ ಕೊಯ್ಯುವ ಮೊದಲು ಹಿಂಜಸ್ ಆರಿಸಿ

ದೊಡ್ಡಬಳ್ಳಾಪುರದ ಕಡೆ ಹೊಲದ ಬದುವಿನ ಸಿಲ್ವರ್ ಓಕ್ ಕೊಯ್ಸಿ ಮನೆಗೊಂದು ಕಪಾಟು ಮಾಡಿಕೊಳ್ಳುವವರು ಈಗಲೂ ಇದ್ದಾರೆ. ನಾನೂ ಅವರಲ್ಲೊಬ್ಬ. ಅಕ್ಕಪಕ್ಕದ ಹುಡುಗರು ಬಂದು ಕೇಳುವುದು ಒಂದೇ ಮಾತು: "ಕದ ರೆಡಿ ಇದೆ ಅಣ್ಣ, ಯಾವ ಹಿಂಜಸ್ ಹಾಕ್ಲಿ?" ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಹಿಂಜಸ್ ಯಾವುದೆಂದು ಗೊತ್ತಾದ ಮೇಲೆಯೇ ಕದದ ಅಳತೆ ಹಾಕಬೇಕು.

ನಮ್ಮ ಹಳೆಯ ಮನೆಗಳ ಎಷ್ಟೋ ಬಾಗಿಲುಗಳಿಗೆ ಕಬ್ಬಿಣದ ಹಿಂಜಸ್ಸೇ ಇರಲಿಲ್ಲ. ಕದದ ಮೂಲೆಯಲ್ಲೇ ಬಿಟ್ಟ ಗೂಟ ಹೊಸ್ತಿಲಿನ ಕುಳಿಯಲ್ಲಿ ತಿರುಗುತ್ತಿತ್ತು. ಈಗ ಅಂಗಡಿಗೆ ಹೋದರೆ ಕಪಾಟಿಗೆ ಮುಖ್ಯವಾಗಿ ಎರಡು ಜಾತಿ ಸಿಗುತ್ತವೆ: ಹೊರಗೆ ಕಾಣುವ ಬಟ್ ಹಿಂಜಸ್, ಒಳಗೆ ಅಡಗುವ ಕಪ್ ಹಿಂಜಸ್.

ಪ್ಲೈವುಡ್ ಕದಕ್ಕೆ ಕಪ್ ಹಿಂಜಸ್ಸೇ ಸರಿ. ಕದ ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುವುದಾದರೆ 0 ಕ್ರ್ಯಾಂಕ್ (ಹಿಂಜಸ್ಸಿನ ತೋಳಿನ ಬಾಗು), ನಡುವಿನ ಒಂದೇ ಹಲಗೆಯನ್ನು ಎರಡು ಕದ ಹಂಚಿಕೊಂಡರೆ 8, ಕದ ಚೌಕಟ್ಟಿನ ಒಳಗೆ ಕೂರುವುದಾದರೆ 16 ಎಂದು ಕೇಳಿ. ಕಂಪನಿಯಿಂದ ಕಂಪನಿಗೆ ಒಂದೆರಡು ಅಂಕಿ ಹೆಚ್ಚುಕಡಿಮೆ ಇರುತ್ತದೆ. ಕ್ರ್ಯಾಂಕ್ ತಪ್ಪಿದರೆ ಎಷ್ಟು ಸ್ಕ್ರೂ ತಿರುಗಿಸಿದರೂ ಕದ ಸರಿಹೋಗದು. ಸಾಫ್ಟ್ ಕ್ಲೋಸ್ ಬೇಕೇ ಬೇಡವೇ ಎಂಬುದು ಆಮೇಲಿನ ಯೋಚನೆ. ಕಪ್ಪಿನ ತೂತು 35 ಮಿ.ಮೀ. ಅಗಲ, ಸುಮಾರು 12 ಮಿ.ಮೀ. ಆಳ. 18 ಮಿ.ಮೀ. ಪ್ಲೈನಲ್ಲಿ ತೂತಿನ ಹಿಂದೆ 6 ಮಿ.ಮೀ. ಮಾತ್ರ ಉಳಿಯುವುದರಿಂದ ಡ್ರಿಲ್ ಬಿಟ್ಟಿಗೆ ಟೇಪು ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ನಾನು ತೂತಿನ ನಡುಬಿಂದುವನ್ನು ಕದದ ಅಂಚಿನಿಂದ 22 ಮಿ.ಮೀ. ಒಳಗೆ ಇಡುತ್ತೇನೆ.

ಗಟ್ಟಿಮರದ ಕದ ಚೌಕಟ್ಟಿನೊಳಗೆ ಕೂರುವುದಾದರೆ ನನ್ನ ಓಟು ಬಟ್ ಹಿಂಜಸ್ಸಿಗೆ. ಮಳೆಗಾಲದಲ್ಲಿ ಮರ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಬಹುಮಟ್ಟಿಗೆ ಇಲ್ಲ. ಬೇಸಿಗೆಯಲ್ಲಿ ಮಾಡಿದ ಕದಕ್ಕೆ ಸುತ್ತ 3 ಮಿ.ಮೀ. ಸಂದು ಬಿಡದಿದ್ದರೆ ಆಷಾಢದ ಹೊತ್ತಿಗೆ ಅದು ಕಚ್ಚಿಕೊಳ್ಳುತ್ತದೆ. ಅಡುಗೆಮನೆಯ ಹಬೆಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಅಲ್ಲಿಗೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ತನ್ನಿ. ಹಿಂಜಸ್ಸಿನ ಎಲೆ ಎಷ್ಟು ದಪ್ಪವೋ ಅಷ್ಟೇ ಆಳಕ್ಕೆ ಉಳಿಯಲ್ಲಿ ಕೊರೆಯಬೇಕು. ಹೆಚ್ಚು ಕೊರೆದರೆ ಕದ ಮುಚ್ಚುವಾಗ ಒಳಅಂಚು ತಡೆದು, ಸ್ಕ್ರೂಗಳನ್ನೇ ಕಿತ್ತುಕೊಂಡು ಬರುತ್ತದೆ. ಹಿತ್ತಾಳೆ ಸ್ಕ್ರೂ ಮೆತ್ತಗೆ, ಗಟ್ಟಿಮರದಲ್ಲಿ ತಲೆ ಮುರಿದುಹೋಗುತ್ತದೆ. ಅದಕ್ಕೇ ಮೊದಲು ಸಣ್ಣ ತೂತು ಕೊರೆದು, ಅದೇ ಅಳತೆಯ ಕಬ್ಬಿಣದ ಸ್ಕ್ರೂ ಹಾಕಿ ದಾರಿ ಮಾಡಿ. ಅದನ್ನು ತೆಗೆದು, ಹಿತ್ತಾಳೆಯದಕ್ಕೆ ಒಂಚೂರು ಮೇಣ ಸವರಿ ಕೂರಿಸಿ. ಈ ಕೆಲಸದಲ್ಲಿ ಅವಸರ ಮಾಡಲೇಬಾರದು.

ಕಪ್ ಹಿಂಜಸ್ ಎಷ್ಟು ಬೇಕು? 900 ಮಿ.ಮೀ. ಎತ್ತರದವರೆಗೆ ಎರಡು, 1600ರವರೆಗೆ ಮೂರು, 2000ದವರೆಗೆ ನಾಲ್ಕು. ಎರಡು ಮೀಟರ್ ಎತ್ತರ, ಎರಡು ಅಡಿ ಅಗಲದ 18 ಮಿ.ಮೀ. ಪ್ಲೈ ಕದ ಸುಮಾರು 13 ಕೆ.ಜಿ. ತೂಗುತ್ತದೆ. ಮೂರರಲ್ಲಿ ಮುಗಿಸಿ ಉಳಿಸುವ ದುಡ್ಡು ಮುಂದೆ ಜೋತುಬಿದ್ದ ಕದವನ್ನು ಎತ್ತಿ ಕೂರಿಸುವ ಕೂಲಿಗೂ ಸಾಲದು.

ಅಂಗಡಿಗೆ ಹೋಗುವಾಗ ಕದದ್ದೊಂದು, ಪಕ್ಕದ ಹಲಗೆಯದೊಂದು ತುಂಡು ಕೈಯಲ್ಲಿರಲಿ. ಮೊದಲು ಒಂದೇ ಒಂದು ಹಿಂಜಸ್ ತಂದು ಆ ತುಂಡುಗಳ ಮೇಲೆ ಕೂರಿಸಿ ನೋಡಿ, ಸರಿಹೋದರೆ ಉಳಿದವನ್ನು ಕೊಳ್ಳಿ.